ಕಂಪ್ಯೂಟರಿಗೆ ಬರಲೊಲ್ಲದ ಅಪ್ಪ

ಬೆಟಗೇರಿಯೊಳಗ ಫೋಟೋ ಸ್ಟುಡಿಯೋ ಇಟ್ಟವಗ ನಗಾಕ ಬ್ಯಾರೆ ಕಡೆ ಹೋಗೋ ದರಕಾರ ಇಲ್ಲ, ದಿನಾ ಒಬ್ಬರಿಲ್ಲ ಒಬ್ಬರು ತಾವ ಮೆಟ್ಟಲ ಹತ್ತಿ ಬರ್ತಾರ. ಮೊದಲ ಮಂದಿ ಫೋಟೋ ತಗಸಾಕ ಬರ್ತಿದ್ರು. ಈಗ ತಗದ ಫೋಟೋನ ಮೊಬೈಲಿನಿಂದ ಹೊರಗ ತಗಸಾಕ ಬರ್ತಾರ. ಮೊಬೈಲ್‌ನ್ಯಾಗ ಕಾಣತಾವ, ಕಂಪ್ಯೂಟರ್‌ನ್ಯಾಗ ಕಾಣಂಗಿಲ್ಲ. ನನ್ನ ಅರ್ಧ ಆಯುಷ್ಯ ಇದರಾಗ ಹೊಂಟೈತಿ, ಉಳಿದದ್ದು ಬೈಸಿಕೊಳ್ಳೋದರಾಗ.

೧. ಮಾಸ್ತರ ಝೆರಾಕ್ಸ್

ಶಿರಹಟ್ಟಿ ಕಡೆಯವರು ಒಬ್ಬರು ರಿಟೈರ್ಡ್ ಮಾಸ್ತರು. ಮೊಬೈಲ್‌ನ್ಯಾಗ ಮೊಮ್ಮಗಳ ಫೋಟೋ ಐತಿ, ಪ್ರಿಂಟ್ ಕೊಡು ಅಂದ್ರು. ನಾ ವೈರ್ ಹುಡುಕಿ ಬರೋದರಾಗ ಮೊಬೈಲನ್ನ ಝೆರಾಕ್ಸ್ ಮಷಿನ್ ಮ್ಯಾಲ ಬೋರಲ ಹಾಕಿ, ಮುಚ್ಚಳ ಮುಚ್ಚಿ, ಅದನ್ನ ಎರಡೂ ಕೈಲೆ ಒತ್ತಿ ಹಿಡಕೊಂಡು ನಿಂತಿದ್ರು. ಹಿಂಗ ಬರಂಗಿಲ್ಲರಿ ಅಂದೆ. ಒಮ್ಮೆ ಗುಂಡಿ ಒತ್ತಿ ನೋಡು, ನಿನ್ನ ಗಂಟೇನು ಹೋಗತೈತಿ ಅಂದ್ರು. ಒತ್ತಿದೆ. ಕರ್ರನ ಹಾಳಿ ಹೊರಗ ಬಂತು. ಮಾಸ್ತರು ಅದನ್ನ ಬೆಳಕಿಗೆ ಹಿಡದು ಭಾಳ ಹೊತ್ತು ನೋಡಿ, "ಕರೆಂಟ್ ಹೋದಾಗ ತಗದದ್ದು ಇರಬೇಕು" ಅಂದ್ರು.

೨. ಹೊಸ್ತಿಲದ ಆಚೆ

ಅಂತೂರ ಬೆಂತೂರದಿಂದ ಒಬ್ಬ ಒಕ್ಕಲುತನದ ಮನುಷ್ಯ ಬಂದ. ಅಪ್ಪ ತೀರಿಕೊಂಡಾನ, ನಾಳೆ ದಿನಕರ್ಮ, ಮಾಲಿ ಹಾಕಾಕ ದೊಡ್ಡ ಫೋಟೋ ಬೇಕು, ಅಪ್ಪನ ಮೊಬೈಲ್‌ನ್ಯಾಗ ಇದ್ದ ಇರ್ತಾವ ಅಂದ. ಒಳಗ ಬರ್ರಿ ಅಂದ್ರ, ಸೂತಕ ಐತ್ರಿ, ಅಂಗಡ್ಯಾಗ ದೇವರ ಫೋಟೋ ಅದಾವ, ಬರಂಗಿಲ್ಲ ಅಂದ. ಮೊಬೈಲರ ಕೊಡ್ರಿ ಅಂದ್ರ, ಅಪ್ಪಂದರಿ, ಕೈ ಬಿಡಾಕ ಮನಸ ಬರವಲ್ದು ಅಂದ. ಅದಕ್ಕೇನನ್ನೋದು? ಉದ್ದನ ವೈರ್ ಹುಡುಕಿ ಹೊಸ್ತಿಲ ದಾಟಿಸಿದೆ. ಆತ ಹೊರಗ ಕಟ್ಟಿ ಮ್ಯಾಲ ಮೊಬೈಲ್ ಹಿಡಕೊಂಡು ಕುಂತ, ನಾ ಒಳಗ ಕಂಪ್ಯೂಟರ್ ಮುಂದ.

ಕಂಪ್ಯೂಟರ್ ಮೊಬೈಲಿನ ಹೆಸರು ತೋರಿಸ್ತು. ತೆರದು ನೋಡಿದ್ರ ಒಳಗ ಖಾಲಿ. ವೈರ್ ಬದಲಿ ಮಾಡಿದೆ, ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದೆ, ಮತ್ತ ಖಾಲಿ. ಅಲ್ಲೇನರ ತೊಂದರಿ ಐತೇನ್ರಿ ಅಂತ ಕೂಗಿ ಕೇಳಿದ್ರ, ಏನಿಲ್ಲರಿ, ಇಲ್ಲಿದ್ದು ನಾ ನೋಡ್ಕೋತೀನಿ ಅಂದ.

ಕಡೀಗೆ ಆತ ಕಿಸೆದಾಗಿಂದ ಅಪ್ಪನ ಆಧಾರ್ ಕಾರ್ಡ್ ತಗದು ಹೊಸ್ತಿಲ ಮ್ಯಾಲ ಇಟ್ಟು, ಇದನ್ನ ದೊಡ್ಡದು ಮಾಡ್ರಿ ಅಂದ. ನಮ್ಮ ಕಡೆ ಅರ್ಧಕ್ಕರ್ಧ ಹಿರಿಯರು ಗ್ವಾಡಿ ಮ್ಯಾಲ ಆಧಾರ್ ಕಾರ್ಡಿನ ಮಾರಿ ಹೊತ್ಕೊಂಡ ಕುಂತಾರ. ಇವರಪ್ಪನ ಕಣ್ಣು ಅದರಾಗ ಅರ್ಧ ಮುಚ್ಚಿದ್ವು. ಸ್ವಲ್ಪ ಕಣ್ಣು ಬಿಡಸ್ರಿ ಅಂದ ಮಗ. ಕಂಪ್ಯೂಟರ್‌ನ್ಯಾಗ ಅದೇನು ದೊಡ್ಡ ಮಾತು, ಬಿಡಿಸಿದೆ. ಸ್ವಲ್ಪ ಜಾಸ್ತೀನ ಬಿಟ್ಟವು.

೩. ಹೂ ಯಾರಿಗೆ

ಮುಂದ ಒಂದಿನ ಆತ ತಾಯಿನ್ನ ಕರಕೊಂಡು ಬಂದ. ಖರೆ ಹೇಳಬೇಕಂದ್ರ ತಾಯಿನ ಆತನ್ನ ಹಿಡಕೊಂಡು ಬಂದಿದ್ಲು. ಸೆರಗಿನ್ಯಾಗ ಸುತ್ತಿದ್ದ ಫೋಟೋ ಟೇಬಲ್ ಮ್ಯಾಲ ಇಟ್ಟು, "ತಮ್ಮಾ, ಇವ ಯಾರು?" ಅಂದ್ಲು.

ನಿಮ್ಮ ಯಜಮಾನ್ರಲ್ಲೇನವ್ವಾ ಅಂದೆ.

"ಇಷ್ಟು ವರ್ಷ ಬಾಳೇವು ಮಾಡೀನಿ, ಒಂದಿನಾನೂ ಹಿಂಗ ಕಣ್ಣು ಬಿಟ್ಕೊಂಡು ನನ್ನ ನೋಡಿಲ್ಲ. ಮುಂಜಾನೆದ್ದು ಹೂ ಏರಸಾಕ ಹೋದ್ರ ಯಾರೋ ಪರ ಗಂಡಸಿಗೆ ಏರಿಸಿದಂಗ ಆಗತೈತಿ. ಏರಸೋದ ಬಿಟ್ಟೀನಿ. ನನಗ ನಮ್ಮ ಯಜಮಾನ್ರು ಬೇಕು."

ನಗು ಬಂತು, ಆಕಿ ಮಾರಿ ನೋಡಿ ನುಂಗಿಕೊಂಡೆ.

ಯಜಮಾನ್ರ ಮೊಬೈಲಿಗೆ ಮೊದಲ ಆಕಿ ಮನಿಯಿಂದ ತಂದ ವೈರ್ ಹಚ್ಚಿದೆ. ಮೊಬೈಲ್ ಚಾರ್ಜ್ ಆಗಾಕತ್ತು, ಕಂಪ್ಯೂಟರಿಗೆ ಖಬರ ಇಲ್ಲ. ಕೆಲವು ವೈರ್ ಹಿಂಗ ಇರ್ತಾವ್ರಿ, ಕರೆಂಟ್ ತಗೋತಾವ, ಫೋಟೋ ಕೊಡಂಗಿಲ್ಲ ಅಂತ ತಿಳಿಸಿ ಹೇಳಿದೆ. ಉಣ್ಣತಾವ, ದುಡಿಯಂಗಿಲ್ಲ ಅಂತ ಆಕಿ ಮಗನ ಕಡೆ ನೋಡಿದ್ಲು.

ನನ್ನ ವೈರ್ ಹಚ್ಚಿದೆ. ಈ ಸಲ ಮೊಬೈಲ್ ನನ್ನ ಟೇಬಲ್ ಮ್ಯಾಲ, ಸೂತಕ ಮುಗದು ಒಳಗ ಬಂದಿದ್ದ ಮಗ ಬಾಜೂಕ. ಫೋಟೋ ನೋಡಾಕ ಕಂಪ್ಯೂಟರಿಗೆ ಅನುಮತಿ ಕೊಡಬೇಕೇನು ಅಂತ ಮೊಬೈಲ್ ಕೇಳ್ತು. ನಾ ಬೆರಳ ಚಾಚೋದರಾಗ ಮಗ ಗಪ್ಪನ ಬ್ಯಾಡ ಅಂತ ಒತ್ತಿಬಿಟ್ಟ.

ಯಾಕ್ರಿ ಅಂದೆ.

"ಮೊಬೈಲ್ ಏನ ಕೇಳಿದ್ರೂ ಬ್ಯಾಡ ಅನ್ರಿ, ಇಲ್ಲಂದ್ರ ರೊಕ್ಕ ಹೋಗತೈತಿ ಅಂತ ಊರಾಗ ಮೀಟಿಂಗ್ ಮಾಡಿ ಹೇಳ್ಯಾರ್ರಿ."

"ಆವತ್ತು ಕಟ್ಟಿ ಮ್ಯಾಲ?"

"ಆವತ್ತೂ ಕೇಳಿದಾಗೊಮ್ಮೆ ಬ್ಯಾಡ ಅಂದೀನ್ರಿ" ಅಂದ, ಎದಿ ಉಬ್ಬಿಸಿ.

ತಾನೂ ಒಳಗ ಬಂದಿರಲಿಲ್ಲ, ನನ್ನ ಕಂಪ್ಯೂಟರನ್ನೂ ಒಳಗ ಬಿಟ್ಟಿರಲಿಲ್ಲ ಪುಣ್ಯಾತ್ಮ.

೪. ಯಜಮಾನ್ರು ಸಿಕ್ಕರು

ವೈರ್ ತಗದು ಮತ್ತ ಹಚ್ಚಿದೆ, ಮೊಬೈಲ್ ಮತ್ತ ಕೇಳ್ತು. ತಾಯಿ ಮಗನ ಕೈ ಗಟ್ಟಿ ಹಿಡಕೊಂಡ್ಲು, ನಾ ಹೂಂ ಅಂತ ಒತ್ತಿದೆ. ಫೋಟೋ ಸಾಲಾಗಿ ಬಂದ್ವು. ಉಳ್ಳಾಗಡ್ಡಿ ಚೀಲ, ಬೀಜದ ಪಾಕೀಟು, ಸುಟ್ಟ ಮೋಟಾರು, ಎತ್ತಿನ ಕೋಡು, ಬಾಯಿ ತಕ್ಕೊಂಡು ಮಲಗಿದ ಮಗ. ಹಿರಿಯರು ಕಣ್ಣಿಗೆ ಬಿದ್ದದ್ದೆಲ್ಲಾ ತಗದಿದ್ರು. ತಮ್ಮದೊಂದು ಇರಲಿಲ್ಲ.

"ಅವರು ಎಲ್ಲಾರ್ನೂ ನೋಡ್ಯಾರ," ಅಂದ್ಲು ಆಕಿ ಸಣ್ಣ ದನಿಲೆ. "ಅವರನ್ನ ನಾವ್ಯಾರೂ ನೋಡಿಲ್ಲ ನೋಡು."

ಮಗ ತಲಿ ಬಗ್ಗಿಸಿದ. ನನಗೂ ಕೆಟ್ಟನಿಸ್ತು. ಮಂದಿ ಫೋಟೋ ತಗದು ಹೊಟ್ಟಿ ಹೊರಕೊಳ್ಳೋ ನನ್ನ ಮೊಬೈಲ್‌ನ್ಯಾಗ ನಂದೂ ಒಂದಿಲ್ಲ.

ಕಟ್ಟಕಡೀಗೆ ಒಂದು ಬಂತು. ಕ್ಯಾಮೆರಾ ತಮ್ಮ ಕಡೆ ತಿರುಗಿದ್ದು ಗೊತ್ತಾಗದ ಒತ್ತಿಬಿಟ್ಟಿದ್ರು. ಕೆಳಗಿಂದ ಬಿದ್ದ ಫೋಟೋ. ಮೂಗಿನ ಹೊಳ್ಳಿ ಎರಡೂ ಕಾಳ ತುಂಬೋ ಹಗೇವಿನಂಗ, ಹುಬ್ಬು ಗಂಟು, ಬಾಯಿ ಅರ್ಧ ತೆರದೈತಿ. ಅದರ ಮುಂದಿನದು ಆಕಿದು. ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡ್ಕೋತ, ಬಾಯಿಗೆ ಸೆರಗ ಹಿಡದು ನಗಾಕತ್ತಾಳ.

ಆಕಿ ಕಂಪ್ಯೂಟರಿನ ಗಾಜು ಮುಟ್ಟಿದ್ಲು. "ಇವರ ನೋಡು ನಮ್ಮ ಯಜಮಾನ್ರು. ನನ್ನ ಫೋಟೋ ತಗೀತೀನಿ ಅಂತ ಹೆಣಗ್ಯಾಡಾಕತ್ತಿದ್ರು. ಈ ಮಾರಿ ನೋಡೇ ನಾ ನಕ್ಕಿದ್ದು." ಅಂದು ಮತ್ತ ಹಂಗ ಸೆರಗ ಹಿಡದು ನಕ್ಕಳು. ಕಣ್ಣಾಗ ನೀರಿದ್ವು.

ಮಗಗ ಗಾಬರಿ. ಇದನ್ನ ಗ್ವಾಡಿಗೆ ಹಾಕಿದ್ರ ಬಂದ ಬೀಗರು ನಗತಾರ ಅಂದ. ನಗಲಿ, ಗುರುತರ ಹಿಡೀತಾರ ಅಂದ್ಲು. ಮೂಗು ಸ್ವಲ್ಪ ಸಣ್ಣದು ಮಾಡ್ಲೇನವ್ವಾ ಅಂತ ನಾ ಕೇಳಿದ್ದಕ್ಕ, ನೀ ಏನೂ ಮುಟ್ಟಬ್ಯಾಡ ಅಂದ್ಲು.

ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಟ್ಟೆ. ಎದೀಗೆ ಅವಚಿಕೊಂಡು ಮೆಟ್ಟಲ ಇಳದಾಕಿ, ಏನೋ ನೆನಪಾಗಿ ಹೊಸ್ತಿಲ ತನಕ ತಿರುಗಿ ಬಂದ್ಲು.

"ತಮ್ಮಾ, ನಾ ನಕ್ಕದ್ದು ಐತೆಲ್ಲ, ಅದನ್ನ ನಿನ್ನ ಕಂಪ್ಯೂಟರ್‌ನ್ಯಾಗ ಜ್ವಾಪಾನ ಇಡು. ನಾ ಹೋದ ಮ್ಯಾಲ ಇವ ನನ್ನ ಆಧಾರ್ ಕಾರ್ಡ್ ಹಿಡಕೊಂಡು ಇಲ್ಲೇ ಬಂದು ನಿಂದರತಾನ. ಏನ ಕೇಳಿದ್ರೂ ಬ್ಯಾಡ ಅನ್ನು."