ಚುಕ್ಕೆಯ ಚಕ್ಕುಬಂದಿ

ಬಸವಕಲ್ಯಾಣದ ಮಹಾರುದ್ರ ಕಂಪ್ಯೂಟರ್ ಕಂಪನಿಯಲ್ಲಿ ಉತ್ತರಾಧಿಕಾರಿಯ ಕೊರತೆ ಎಂದೂ ಇರಲಿಲ್ಲವೆಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ಸಂಸ್ಥಾಪಕ ಅಧ್ಯಕ್ಷರಾದ ಮಹಾರುದ್ರಪ್ಪನವರ ಮಗ ಧನರಾಜನು ಕಂಪನಿಯ ಪೂಜೆ ನಡೆದ ದಿನದಿಂದಲೂ ಉತ್ತರಾಧಿಕಾರಿಯ ಹುದ್ದೆಯಲ್ಲೇ ಪೂರ್ಣಾವಧಿ ಸೇವೆ ಸಲ್ಲಿಸುತ್ತಿದ್ದನು. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ 'ಭಾವಿ ಅಧ್ಯಕ್ಷರು' ಎಂದಿತ್ತು. ಕಾರ್ಡು ಮುಗಿದಾಗಲೆಲ್ಲ ಹೊಸದು ಅಚ್ಚಾಗುತ್ತಿತ್ತು. ಕಾಗದ ದಪ್ಪವಾಯಿತು, ಅಕ್ಷರಕ್ಕೆ ಬಂಗಾರದ ಬಣ್ಣ ಬಂತು, 'ಭಾವಿ' ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳೇ ಕಂಪನಿ. ಸರ್ಕಾರಿ ಕಚೇರಿಗಳಿಗೆ ಪಗಾರದ ಚೀಟಿ, ನೀರಿನ ಬಿಲ್ಲು ಅಚ್ಚು ಹಾಕಿ ಕೊಡುವುದು ಅದರ ತಂತ್ರಜ್ಞಾನ. ಆ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಬೀದರಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ಧನರಾಜನ ತಂಗಿ ಅನುರಾಧಾ. ಒಳಕೋಣೆಯಲ್ಲಿ ಹೈದರಾಬಾದಿನಿಂದ ತಂದ ತಿರುಗು ಕುರ್ಚಿಯಿತ್ತು. ಧೂಳು ಕೂತೀತೆಂದು ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಅದರ ಮೇಲೆ ಮಹಾರುದ್ರಪ್ಪನವರು ಕೂರುತ್ತಿದ್ದರು. ಧನರಾಜನದು ಹೊರಗೆ ಕಬ್ಬಿಣದ ಮಡಚು ಕುರ್ಚಿ. ಅಪ್ಪ ಊಟಕ್ಕೆ ಹೋದಾಗ ಅವನು ಒಳಗೆ ಹೋಗಿ ಒಂದೇ ಒಂದು ಸುತ್ತು ತಿರುಗಿ, ಪ್ಲಾಸ್ಟಿಕ್ಕಿನ ಸುಕ್ಕು ಸರಿಪಡಿಸಿ ಬರುತ್ತಿದ್ದ. ನಲವತ್ತು ದಾಟಿದ ಗಂಡಸು ಹೀಗೆ ಕದ್ದು ತಿರುಗುವುದಕ್ಕೆ ಅವನಿಗೇ ನಾಚಿಕೆಯಾಗುತ್ತಿತ್ತು. ಆದರೂ ತಿರುಗುತ್ತಿದ್ದ.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ತಾಯಿ ಶಕುಂತಲಾಬಾಯಿಯವರು ಗಂಡನಿಗೆ, "ಇನ್ನರ ಕುರ್ಚಿ ಬಿಡ್ರಿ. ನಿಮ್ಮಕಿಂತ ಮದಲ ಹುಡುಗನ ಕೂದಲಾ ಬೆಳ್ಳಗಾಗ್ಯಾವ," ಎಂದರು. ಮಹಾರುದ್ರಪ್ಪನವರು ಒಪ್ಪಿಯೂ ಒಪ್ಪಿದ್ದರು. ಅಷ್ಟರಲ್ಲಿ, ಇಂಟರ್ನೆಟ್ಟಿನಲ್ಲಿ ತನ್ನ ಹೆಸರು ಹೇಗೆ ಕಾಣುವುದೋ ನೋಡಿಯೇ ಇಳಿಯುವೆನೆಂಬ ಆಸೆ ಅವರಿಗೆ ಹುಟ್ಟಿತು. ಅನುರಾಧಾ 'ಮಹಾರುದ್ರ ಡಾಟ್ ಕಾಮ್' ಎಂದು ಒತ್ತಿದಳು. ತೆರೆಯ ಮೇಲೆ ಬೇಳೆಯ ಚೀಲವೊಂದು ನಿಧಾನವಾಗಿ ಮೇಲಿನಿಂದ ಕೆಳಗೆ ಮೂಡಿತು.

ಹುಮನಾಬಾದಿನ ದಾಲ್ ಮಿಲ್ ಮಾಲಕರಾದ ಓಂಪ್ರಕಾಶರು ಆ ಹೆಸರನ್ನು ಮೊದಲೇ ಕೊಂಡಿದ್ದರು. ಅವರ ಚೀಲಗಳಿಗೆ 'ಮಹಾರುದ್ರ ಛಾಪ್ ತೊಗರಿಬೇಳೆ' ಎಂಬ ಟ್ರೇಡ್‌ಮಾರ್ಕ್ ಇತ್ತು. ಮಹಾರುದ್ರಪ್ಪನವರು ಅಂದೇ ಗೋಡೆಗೆ ಪ್ರಕಟಣೆ ಅಂಟಿಸಿದರು: 'ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಅಧ್ಯಕ್ಷರ ಹೆಸರನ್ನು ಹುಮನಾಬಾದಿನಿಂದ ಪೂರ್ತಿಯಾಗಿ ಬಿಡಿಸಿ ತಂದವರೇ ಮುಂದಿನ ಅಧ್ಯಕ್ಷರು. ತರದಿದ್ದ ಪಕ್ಷದಲ್ಲಿ ಹಾಲಿ ಅಧ್ಯಕ್ಷರೇ ಹಾಲಿಯಾಗಿ ಮುಂದುವರಿಯತಕ್ಕದ್ದು.'

ಧನರಾಜ ಪ್ರಕಟಣೆಯನ್ನು ಬೆರಳಿಟ್ಟು ಓದಿದ.

"ಬಿಡಿಸೋದು ಏನ ದೊಡ್ಡದು?" ಎಂದರು ಮಹಾರುದ್ರಪ್ಪನವರು. "ಜಾಗದ ತಕರಾರ ಅಂದಮ್ಯಾಲ ತಲಾಟಿ ಕಡೆ ಹೋಗೂದು."

"ಅಪ್ಪಾ, ಡೊಮೇನ್ ಅಂದ್ರ ಹೊಲ ಅಲ್ರಿ," ಎಂದಳು ಅನುರಾಧಾ. "ವರ್ಷಾ ರೊಕ್ಕಾ ಕಟ್ಟಿ ಹೆಸರ ಇಟಗೊಳ್ಳೂದು, ಅಷ್ಟ."

"ವರ್ಷಾ ಕಟ್ಟೂದು ಕಂದಾಯ ಅಲ್ದ ಮತ್ತೇನವ್ವಾ? ಕಟ್ಟಲಿಲ್ಲಂದ್ರ ಏನಾಗತದ?"

"ಕಸಗೋತಾರ್ರಿ."

"ಮತ್ತ ಹೊಲಾ ಅಲ್ಲ ಅಂತೀ!"

ಅನುರಾಧಾ ಅರ್ಜಿ ಟೈಪು ಮಾಡಲು ಕೂತಳು.

ಜಮೀನಿನ ದಾಖಲೆ ಇಡುವ ತಲಾಟಿ ದತ್ತಾತ್ರಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು. ಕಣ್ಣಿಗೆ ಕಾಣದ ಜಾಗಕ್ಕೆ ಪಹಣಿ ಕೊಡಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಅವರ ಸೇವಾವಧಿಯಲ್ಲಿ ಅಂಥ ಪಹಣಿಗಳು ಬೇಕಾದಷ್ಟು ಆಗಿದ್ದವು. "ಸರ್ವೆ ನಂಬರ್ ಎಷ್ಟರಿ?" ಎಂದು ಕೇಳಿದರು. ಅನುರಾಧಾ ಬೇಸತ್ತು, ಇಂಟರ್ನೆಟ್ಟಿನಲ್ಲಿ ಆ ಸೈಟಿಗಿದ್ದ ಅಂಕೆಗಳನ್ನು ಓದಿ ಹೇಳಿದಳು: ಇನ್ನೂರಾ ಹತ್ತು, ಚುಕ್ಕೆ, ಹದಿನೆಂಟು, ಚುಕ್ಕೆ, ಏಳು, ಚುಕ್ಕೆ, ಮೂರು.

ದತ್ತಾತ್ರಿ ಸಾಹೇಬರ ಮುಖ ಅರಳಿತು. "ಸರ್ವೆ ನಂಬರ್ ಬಂತು, ಹಿಸ್ಸಾ ಬಂತು, ಹಿಸ್ಸಾದಾಗಿನ ಹಿಸ್ಸಾನೂ ಬಂತು. ಇಷ್ಟ ಬರೋಬರ್ ಕಾಗದ ನಮ್ಮ ತಾಲೂಕಿನ್ಯಾಗ ಯಾರ ಕಡೆ ಅದರಿ?"

ಹುಡುಕಲಾಗಿ ಆ ನಂಬರು ಕೊಹಿನೂರ ಹಳ್ಳಿಯ ಶಿವಾರದಲ್ಲಿ ಸಿಕ್ಕಿತು. ಸ್ಥಳ ಪರಿಶೀಲನೆ ನಡೆಯಿತು. ಅಲ್ಲೊಂದು ಹಳ್ಳವೂ ಎರಡು ಎಮ್ಮೆಗಳೂ ಇದ್ದವು. 'ತಾಂತ್ರಿಕ ಕಾರಣಗಳಿಂದ ವೆಬ್‌ಸೈಟು ಸದ್ಯಕ್ಕೆ ಕಾಣುತ್ತಿಲ್ಲ' ಎಂದು ಷರಾ ಬರೆದು, ಮೋಜಣಿಯನ್ನು ಕಂಪನಿಯ ಕಂಪ್ಯೂಟರಿನ ಮೇಲೆಯೇ ನಡೆಸಲು ಆದೇಶವಾಯಿತು.

ಮೋಜಣಿಯ ದಿನ ಓಂಪ್ರಕಾಶರು ಹುಮನಾಬಾದಿನಿಂದ ಜೀಪು ಮಾಡಿಕೊಂಡು ಬಂದರು. ದತ್ತಾತ್ರಿ ಸಾಹೇಬರು ತೆರೆಯ ಮೇಲೆ ಟೇಪು ಹಿಡಿದು ಚಕ್ಕುಬಂದಿ ಬರೆಸಿದರು: ಪೂರ್ವಕ್ಕೆ ಮಹಾರುದ್ರ, ಪಶ್ಚಿಮಕ್ಕೆ ಕಾಮ್, ನಡುವೆ ಒಂದು ಚುಕ್ಕೆ. ಓಂಪ್ರಕಾಶರು ತಕ್ಷಣ ತಕರಾರು ತೆಗೆದು ಮಾನಿಟರನ್ನು ಹುಮನಾಬಾದಿನ ಕಡೆ ತಿರುಗಿಸಿದರು. ಪೂರ್ವ ಪಶ್ಚಿಮವಾಯಿತು. ಮಹಾರುದ್ರಪ್ಪನವರು ಮತ್ತೆ ತಿರುಗಿಸಿದರು. ನಾಲ್ಕಾರು ಸಲ ಹೀಗಾದ ಮೇಲೆ ಹಿಂದಿನ ವೈರು ಕಿತ್ತುಬಂದು ಜಾಗವೇ ಕತ್ತಲಾಯಿತು. ಅನುರಾಧಾ ಸಿಕ್ಕಿಸಿ ಕೊಟ್ಟಳು.

"ಹಿಂಗ ಜಗಳಾಡಿದ್ರ ತೀರಲ್ಲ," ಎಂದರು ದತ್ತಾತ್ರಿ ಸಾಹೇಬರು. "ವಾಟ್ನಿ ಮಾಡಿಕೊಳ್ರಿ. ಒಬ್ರು ಮಹಾರುದ್ರ ತಗೊಳ್ರಿ, ಒಬ್ರು ಕಾಮ್ ತಗೊಳ್ರಿ."

"ಕಾಮ್ ತಗೊಂಡು ನಾ ಏನ ಮಾಡ್ಲಿ?" ಓಂಪ್ರಕಾಶರು ಸಿಡುಕಿದರು.

"ವಿಚಾರ ಮಾಡ್ರಿ ಸೇಟ್ರ. ಮಹಾರುದ್ರ ಇರೋದು ಇದೊಂದೇ ಕಡೆ. ಕಾಮ್ ಇಡೀ ದುನಿಯಾದಾಗ ಅದ."

ಓಂಪ್ರಕಾಶರು ದುನಿಯಾವನ್ನು ಒಮ್ಮೆ ಮನಸ್ಸಿನಲ್ಲೇ ಲೆಕ್ಕ ಹಾಕಿ, ಬೇರೆಯವರು ಎಚ್ಚೆತ್ತುಕೊಳ್ಳುವ ಮೊದಲೇ ರುಜು ಮಾಡಿದರು.

ಧನರಾಜ ಕುಣಿಯುವುದೊಂದು ಬಾಕಿ. ಒಳಕೋಣೆಯ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟಿದ್ದ.

"ಎತ್ತಾಗ ಹೊಂಟಿ?" ಎಂದರು ಮಹಾರುದ್ರಪ್ಪನವರು. "ಪ್ರಕಟಣೆಯೊಳಗ ಪೂರ್ತಿಯಾಗಿ ಅಂತ ಅದ. ಬಂದದ್ದು ಅರ್ಧಾ. ಕುರ್ಚಿ ಇಲ್ಲ."

ಧನರಾಜನಿಗೆ ಅಳು ಬಂತು. ನಿಜವಾಗಿಯೂ ಬಂತು. ತಂಗಿಯ ಮುಂದೆ, ತಲಾಟಿಯ ಮುಂದೆ, ಬೇಳೆ ಮಾರುವವರ ಮುಂದೆ ಅಳಬಾರದೆಂದು ಅವನು ಕಿಟಕಿಯ ಹೊರಗೆ ಗೊಬ್ಬರದ ಚೀಲ ಇಳಿಸುವುದನ್ನು ನೋಡುತ್ತ ನಿಂತ.

ಅಷ್ಟರಲ್ಲಿ ಚುಕ್ಕೆಯ ಪ್ರಶ್ನೆ ಎದ್ದಿತು. ಎರಡು ಹೊಲಗಳ ನಡುವೆ ಇರುವುದರಿಂದ ಅದು ಬದುವೆಂದು ಎಲ್ಲರೂ ಒಪ್ಪಿದರು. ಬದು ಯಾರದೆಂಬುದನ್ನು ಯಾರೂ ಒಪ್ಪಲಿಲ್ಲ. ಚುಕ್ಕೆ ತಮ್ಮ ಕಡೆಗೆ ವಾಲಿದೆಯೆಂದು ಓಂಪ್ರಕಾಶರೂ, ತಮ್ಮ ಹಿರಿಯರು ಆ ಚುಕ್ಕೆಯ ಮೇಲೆ ಹಾದು ಹೋಗುತ್ತಿದ್ದರೆಂದು ಮಹಾರುದ್ರಪ್ಪನವರೂ ವಾದಿಸಿದರು. ಕೊನೆಗೆ ದತ್ತಾತ್ರಿ ಸಾಹೇಬರು ಚುಕ್ಕೆಯನ್ನು ಜಪ್ತಿ ಮಾಡಿದರು. ಕೀಬೋರ್ಡಿನಿಂದ ಚುಕ್ಕೆಯ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದರು. ಅಂಕೆಗಳ ಪಕ್ಕದಲ್ಲಿ ಎರಡನೆಯ ಚುಕ್ಕೆಯೊಂದು ಪತ್ತೆಯಾಗಲು, ಅದು ಅನಧಿಕೃತ ಬದುವೆಂದು ಅದನ್ನೂ ತೆಗೆದರು. ಇಡೀ ದುನಿಯಾದ ಕಾಮ್ ಸಿಕ್ಕ ಉದಾರತೆಯಲ್ಲಿ ಓಂಪ್ರಕಾಶರು ತಮ್ಮ ಮಿಲ್ಲಿನ ಕೀಬೋರ್ಡಿನ ಚುಕ್ಕೆಗಳನ್ನೂ ತರಿಸಿಕೊಟ್ಟರು.

"ಗುಂಡಿ ತಗದ್ರ ಏನಾಯ್ತರಿ? ಕೆಳಗ ರಬ್ಬರ್ ಅದ. ಬಟ್ಟು ಇಟ್ರ ಒತ್ತತದ," ಎಂದಳು ಅನುರಾಧಾ.

"ಅದಕ್ಕ ಅತಿಕ್ರಮಣ ಅಂತಾರ ತಂಗಿ," ಎಂದು ದತ್ತಾತ್ರಿ ಸಾಹೇಬರು ರಬ್ಬರಿನ ಮೇಲೆ ಅರಗು ಸುರಿದು ಮೊಹರು ಒತ್ತಿದರು.

ಇನ್ನು, ತಕರಾರಿನ ಬದುವನ್ನು ಕಾಯುವವನು ಎರಡೂ ಕಡೆ ಯಾವ ಅಧಿಕಾರವೂ ಇಲ್ಲದವನಾಗಿರತಕ್ಕದ್ದು. ಅಂಥವರು ಯಾರಿದ್ದಾರೆಂದು ಸಾಹೇಬರು ಕೇಳಿದರು. ಎಲ್ಲರೂ ಕಿಟಕಿಯ ಕಡೆ ನೋಡಿದರು.

ಧನರಾಜ ಕಣ್ಣೊರೆಸಿಕೊಂಡು ತಿರುಗಿದ. "ಆಗ್ಲಿರಿ. ಆದ್ರ ಕಾವಲುಗಾರ ಅಂತ ಬರೀಬ್ಯಾಡ್ರಿ, ಅಧ್ಯಕ್ಷ ಅಂತ ಬರೀರಿ."

"ಬರೀಲಿಕ್ಕೇನು, ಶಾಯಿ ಒಂದ ಖರ್ಚು," ಎಂದು ಸಾಹೇಬರು ಬರೆದರು.

ಹೊಸ ಕಾರ್ಡು ಬಂತು: 'ಧನರಾಜ, ಅಧ್ಯಕ್ಷರು, ಚುಕ್ಕೆ.' ಮೆಟ್ಟಿಲಿನ ತುದಿಯಲ್ಲಿ ತನ್ನ ಮಡಚು ಕುರ್ಚಿ ಹಾಕಿಸಿಕೊಂಡು, ನಾಲ್ಕು ಗುಂಡಿಗಳನ್ನೂ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಅವನು ಅಧಿಕಾರ ವಹಿಸಿಕೊಂಡ. ಚುಕ್ಕೆ ಬೇಕಾದವರು ಅವನಿಂದ ಗುಂಡಿ ಪಡೆದು, ಅವನ ಸಮಕ್ಷಮದಲ್ಲಿ ಮೊಹರು ಒಡೆದು, ಒಮ್ಮೆ ಒತ್ತಿ, ಹಿಂದಿರುಗಿಸಿ, ಮತ್ತೆ ಅರಗು ಹಾಕಿಸಬೇಕು. ಅರಗು ಅವರವರೇ ತರಬೇಕು.

ಇದರಿಂದ ಕಂಪನಿಗೆ ಹಾನಿಯಾದೀತೆಂದು ಅನುರಾಧಾ ಹೆದರಿದ್ದಳು. ಚುಕ್ಕೆಯಿಲ್ಲದ ಕಾರಣ, ಅಚ್ಚಿನ ಕೂಲಿಗಾಗಿ ಕಂಪನಿ ಕಳಿಸುತ್ತಿದ್ದ ನಲವತ್ತೆರಡು ರೂಪಾಯಿ ಐವತ್ತು ಪೈಸೆಯ ಬಿಲ್ಲು ನಾಲ್ಕು ಸಾವಿರದ ಇನ್ನೂರ ಐವತ್ತು ರೂಪಾಯಿಯದಾಗಿ ಹೊರಬೀಳತೊಡಗಿತು. ಇಲಾಖೆಗಳು ಅವನ್ನು ಯಾವ ಆಕ್ಷೇಪವೂ ಇಲ್ಲದೆ ಪಾಸು ಮಾಡಿದವು. ಒಂದು ಇಲಾಖೆಯಂತೂ ದರ ಇಷ್ಟು ದಿನ ಅನುಮಾನ ಬರುವಷ್ಟು ಕಡಿಮೆಯಿತ್ತೆಂದು ತಿಳಿಸಿ ಅಭಿನಂದನಾ ಪತ್ರ ಕಳಿಸಿತು. ಅನುರಾಧಾ ಅದನ್ನು ಓದಿ, ಅಣ್ಣನ ಕುರ್ಚಿಗೆ ಒಂದು ದಿಂಬು ತಂದು ಹಾಕಿದಳು.

ಓಂಪ್ರಕಾಶರು ಕಾಮ್ ಬಳಸುವ ಜಗತ್ತಿನ ಎಲ್ಲ ಕಂಪನಿಗಳೂ ತಮಗೆ ಬಾಡಿಗೆ ಕೊಡಬೇಕೆಂದು ಬೀದರಿನ ಪತ್ರಿಕೆಯೊಂದರಲ್ಲಿ ಜಾಹೀರು ನೋಟಿಸು ಹಾಕಿಸಿದರು. ಗಡುವಿನೊಳಗೆ ಅಮೆರಿಕದಿಂದ ಯಾವ ತಕರಾರೂ ಬಾರದ್ದರಿಂದ ಜಗತ್ತು ಒಪ್ಪಿದೆಯೆಂದು ದಾಖಲಾಯಿತು. ಆ ಕಂಪನಿಗಳಿಗೆ ಬೇರೆಬೇರೆಯಾಗಿ ಈ-ಮೇಲ್ ಕಳಿಸಬೇಕೆಂದರೆ ಮಾತ್ರ ಚುಕ್ಕೆ ಬೇಕಾಗುತ್ತಿತ್ತು. ಹೀಗಾಗಿ ಅವರು ಮುಂಜಾನೆಯ ಬಸ್ಸಿಗೆ ಹುಮನಾಬಾದಿನಿಂದ ಬಂದು ಮೆಟ್ಟಿಲ ಮೇಲೆ ಪಾಳಿ ಹಿಡಿದು ಕೂರುತ್ತಿದ್ದರು.

ಒಂದು ದಿನ ಮಧ್ಯಾಹ್ನ ಮಹಾರುದ್ರಪ್ಪನವರಿಗೂ ಚುಕ್ಕೆ ಬೇಕಾಯಿತು. ಬೀಗರು ಬಂದಿದ್ದರು, ಅವರಿಗೆ ತೆರೆಯ ಮೇಲೆ ತಮ್ಮ ಹೆಸರು ತೋರಿಸಬೇಕಿತ್ತು. 'ಮಹಾರುದ್ರ'ದವರೆಗೆ ಒತ್ತಿ ಮುಂದೆ ಹೋಗಲಾರದೆ, ತಿರುಗು ಕುರ್ಚಿಯಿಂದ ಎದ್ದು ಮೆಟ್ಟಿಲ ತುದಿಗೆ ಬಂದರು.

"ಲೇ ಧನ್ಯಾ, ಒಂದ ಚುಕ್ಕಿ ಕೊಡು."

ಧನರಾಜ ಕಾಗದ ನೋಡುತ್ತಿದ್ದ. ತಲೆ ಎತ್ತಲಿಲ್ಲ.

"ಧನರಾಜಾ."

ಕಾಗದ ತಿರುವಿದ.

ಮಹಾರುದ್ರಪ್ಪನವರು ಅತ್ತಿತ್ತ ನೋಡಿದರು. ಬೀಗರು ನೋಡುತ್ತಿದ್ದರು, ಓಂಪ್ರಕಾಶರು ನೋಡುತ್ತಿದ್ದರು. ಅವರು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, "ಅಧ್ಯಕ್ಷರ, ಒಂದ ಚುಕ್ಕಿ ಬೇಕಾಗಿತ್ತರಿ," ಎಂದರು.

ಧನರಾಜ ಕಾಗದ ಮಡಚಿಟ್ಟ. ಅಪ್ಪ ತನಗೆ 'ರಿ' ಅಂದದ್ದು ಅವನು ಹುಟ್ಟಿದ ಮೇಲೆ ಇದೇ ಮೊದಲು. ಓಡಿ ಹೋಗಿ ಕಾಲಿಗೆ ಬೀಳಬೇಕೆನ್ನಿಸಿತು. ಕಿಸೆಯಿಂದ ಒಂದು ಗುಂಡಿ ತೆಗೆದು ಕರವಸ್ತ್ರದಿಂದ ಒರೆಸಿದ. ಬೆಳಕಿಗೆ ಹಿಡಿದು ನೋಡಿದ. ಮತ್ತೆ ಕಿಸೆಗೆ ಹಾಕಿಕೊಂಡ.

"ನಾಳಿ ಬರ್ರಿ," ಎಂದ.

ಮಹಾರುದ್ರಪ್ಪನವರು ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡರು. ಅವರ ಕಣ್ಣುಗಳು ತೇವವಾದವು. ಮನೆಗೆ ಹೋಗಿ ಹೆಂಡತಿಗೆ, "ಕೇಳಿದೇನ, ನಮ್ಮ ಹುಡುಗ ಖರೇನ ಅಧ್ಯಕ್ಷ ಆದ. ನಾನೂ ಇಷ್ಟ ಚೆಂದ 'ನಾಳಿ ಬರ್ರಿ' ಅಂತಿದ್ದಿಲ್ಲ ನೋಡು," ಎಂದರು. ಶಕುಂತಲಾಬಾಯಿಯವರು ದೇವರ ಮುಂದೆ ದೀಪ ಹಚ್ಚಿ, ಮರುದಿನಕ್ಕೆಂದು ಬುತ್ತಿ ಕಟ್ಟಿದರು. ಬೆಳಗಾಗುತ್ತಲೇ ಹಾಲಿ ಅಧ್ಯಕ್ಷರು ಆ ಬುತ್ತಿಯನ್ನೂ ಒಂದು ತುಂಡು ಅರಗನ್ನೂ ಹಿಡಿದುಕೊಂಡು ಹೋಗಿ, ಓಂಪ್ರಕಾಶರ ಹಿಂದೆ ಮೆಟ್ಟಿಲ ಮೇಲೆ ಕುಳಿತರು.