ಇಳಿಯದ ಅಂತರಪಟ

ಬಹಳ ಹಿಂದೆ, ಅಂದರೆ ಯಾರೂ ನೊಂದುಕೊಳ್ಳದಷ್ಟು ಹಿಂದೆ, ಸಮಾಧಾನಪುರವೆಂಬ ರಾಜ್ಯವಿತ್ತು. ಅಲ್ಲಿ ಮದುವೆಯಾಗುವವರ ನಡುವೆ ಹಿಡಿದ ಅಂತರಪಟ ಇಳಿದರೆ ಮಾತ್ರ ಮದುವೆ. ಇಳಿಯದಿದ್ದರೆ, ಊರಿಗೆಲ್ಲ ಹೋಳಿಗೆ ಬಡಿಸಿದರೂ ಅದು ಬರೀ ಊಟ.

ಊರಿನ ಮದುವೆಗಳಿಗೆಲ್ಲ ಹೂ ಕಟ್ಟುತ್ತಿದ್ದ ವಾರಿಜೆ, ಓಲಗ ಊದುತ್ತಿದ್ದ ಹೊನ್ನಾಜಿ, ಇಬ್ಬರು ಹೆಂಗಸರೂ ಒಂದು ದಿನ ಆಸ್ಥಾನಕ್ಕೆ ಬಂದರು.

"ಮಹಾಪ್ರಭು, ನಮ್ಮಿಬ್ಬರ ನಡುವೆಯೂ ಒಂದು ಪಟ ಹಿಡಿಸಿ."

ಮಂದಪ್ರತಾಪ ಮಹಾರಾಜರಿಗೆ ಇಲ್ಲವೆನ್ನುವ ಅಭ್ಯಾಸವಿಲ್ಲ; ಹೂಂ ಎನ್ನುವ ಧೈರ್ಯವೂ ಇಲ್ಲ. ಮಂತ್ರಿ ವಿಳಂಬಶರ್ಮರತ್ತ ನೋಡಿದರು.

"ಹಿಡಿಸೋಣ ಪ್ರಭು, ಇಳಿಸೋದು ಬೇಡ. ಹಿಡಿದಿದ್ದಕ್ಕೆ ಇವರು ಜೈ ಅಂತಾರೆ, ಇಳಿಸದ್ದಕ್ಕೆ ಉಳಿದವರು ಜೈ ಅಂತಾರೆ."

"ಭಲೇ! ಇದಕ್ಕೆ ಏನನ್ನುತ್ತಾರೆ?"

"ಪ್ರಗತಿ, ಪ್ರಭು."

ಪಟ ಹಿಡಿಯಲು ಪಾಳಿಯಂತೆ ಮನೆಗೊಬ್ಬರು ಬರಬೇಕೆಂದು ಡಂಗುರವಾಯಿತು. ಇಳಿಸುವ ಕುರಿತು ಉನ್ನತ ಮಟ್ಟದ ಸಮಿತಿ ಕೂತಿತು. ಕೂತೇ ಇತ್ತು. ಸಂತೆಗೆ ಹೋದರೂ, ಒಲೆ ಮುಂದೆ ಕೂತರೂ ಇಬ್ಬರ ನಡುವೆ ಪಟ. ವರ್ಷಗಳು ಉರುಳಿ, ಪಟದ ಕಂಬಳಿ ಹೋಗಿ ತೆಳು ಮಲಮಲ್ ಬಂತು. ಅದಕ್ಕೊಂದು ಉದ್ಘಾಟನಾ ಸಮಾರಂಭ.

"ಏನೇ, ತಲೆ ಹಣ್ಣಾಗಿದೆಯಲ್ಲೇ!" ಎಂದಳು ಹೊನ್ನಾಜಿ.

"ಕಂಬಳೀನೇ ವಾಸಿ ಇತ್ತು ಬಿಡು," ಎಂದಳು ವಾರಿಜೆ.

ಆ ಚಳಿಗಾಲ ಹೊನ್ನಾಜಿಯ ಎದೆಯಲ್ಲಿ ಕಫ ಕಟ್ಟಿತು. ರಾಜವೈದ್ಯಶಾಲೆಯ ಬಾಗಿಲಲ್ಲಿ ದ್ವಾರಪಾಲಕ ವಾರಿಜೆಗೆ ಕೈ ಅಡ್ಡ ಹಿಡಿದ.

"ಪೇಷೆಂಟಿಗೆ ಏನಾಗಬೇಕು ನೀವು?"

"ಅಂತರಪಟದ ಈಚೆಯವಳು."

"ಇಳಿದಿದೆಯಾ?"

"ಇಲ್ಲಪ್ಪ."

"ಹಾಗಾದ್ರೆ ಏನೂ ಆಗಲ್ಲ ಬಿಡಿ ತಾಯೀ. ಸಂಬಂಧಿಕರಿಗೆ ಮಾತ್ರ ಒಳಗೆ."

ವಾರಿಜೆ ಅರಮನೆಗೆ ಓಡಿದಳು. "ಇವತ್ತಾದರೂ ಇಳಿಸಿ ಪ್ರಭು. ಅವಳ ಕೈ ಹಿಡ್ಕೊಂಡು ಕೂರಬೇಕು, ಅಷ್ಟೇ."

ಮಹಾರಾಜರ ಕಣ್ಣು ತೇವವಾಯಿತು. ಫೋಟೋದವರು ಬರುವ ತನಕ ಒರೆಸಿಕೊಳ್ಳಲಿಲ್ಲ. ವಿಶೇಷ ರಾಜಾಜ್ಞೆ ಹೊರಟಿತು: ಪಟವನ್ನು ಇನ್ನು ಮುಂದೆ ವೈದ್ಯಶಾಲೆಯ ಒಳಗೂ ಹಿಡಿಯತಕ್ಕದ್ದು.

ಹಾಸಿಗೆಗೂ ವಾರಿಜೆಗೂ ನಡುವೆ ಪಟ ಎದ್ದಿತು.

"ನಿನ್ನೆ ಗೋಡೆ ಅಡ್ಡವಿತ್ತು, ಇವತ್ತು ಬರೀ ಬಟ್ಟೆ!" ವಿಳಂಬಶರ್ಮರು ಗದ್ಗದಿತರಾದರು. ಮಹಾರಾಜರಿಗೆ 'ಪ್ರಗತಿಭಾಸ್ಕರ' ಬಿರುದು ಘೋಷಣೆಯಾಯಿತು. ಹೊರಗೆ ಮೆರವಣಿಗೆ ಸಜ್ಜಾಗುತ್ತಿತ್ತು.

"ಇದ್ದೀಯೇನೇ?" ಪಟದಾಚೆಯ ದನಿ ಸಣ್ಣದಾಗಿತ್ತು.

"ಇಲ್ಲೇ ಇದ್ದೀನಿ ಕಣೇ."

ಮತ್ತೆ ಆ ಕಡೆಯಿಂದ ಮಾತು ಬರಲಿಲ್ಲ. ವೈದ್ಯರು ಬಂದರು, ನಾಡಿ ಹಿಡಿದು ನೋಡಿದರು. ಶವವನ್ನು ಹಿಂಬಾಗಿಲಿನಿಂದ ಒಯ್ದರು; ಮುಂಬಾಗಿಲಲ್ಲಿ ಆನೆ ನಿಂತಿತ್ತು.

ಪಾಳಿಯಲ್ಲಿದ್ದ ಕುಂಬಾರರ ತಿಮ್ಮಕ್ಕ ನೋಯುವ ತೋಳನ್ನೊಮ್ಮೆ ನೋಡಿಕೊಂಡು ಕೇಳಿದಳು: "ಸ್ವಾಮೀ, ಇನ್ನಾದರೂ ಇಳಿಸಬಹುದಾ?"

"ಸಮಿತಿಯ ವರದಿ ಬರಲಿ," ಎಂದರು ವಿಳಂಬಶರ್ಮರು, ಮೆರವಣಿಗೆಗೆ ಹೊರಡುತ್ತಾ.

ಪ್ರಜೆಗಳು ಈಗಲೂ ಪಾಳಿಯಂತೆ ಬಂದು ಪಟ ಹಿಡಿಯುತ್ತಾರೆ. ಈಚೆಗೆ ವಾರಿಜೆ. ಆಚೆಗೆ ಖಾಲಿ ಹಾಸಿಗೆ.