ತೋಳ ಕೂತಿದ್ದ ಹನ್ನೆರಡು ದಿನ

ನನಗೊಂದು ಕಾಯಿಲೆಯಿದೆ. ಒಂದೇ ಥರದ ಎರಡು ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ, ಒಂದನ್ನು ಎಸೆದುಬಿಡುತ್ತೇನೆ. ಚಪಾತಿಗೊಂದು, ಹೋಳಿಗೆಗೊಂದು ಎಂದು ಹೆಂಡತಿ ಇಟ್ಟುಕೊಂಡಿದ್ದ ಎರಡು ಲಟ್ಟಣಿಗೆಗಳಲ್ಲಿ ಒಂದನ್ನು ಹಳೇ ಸಾಮಾನಿನವನಿಗೆ ಕೊಟ್ಟ ದಿನದಿಂದ ಬೇಗೂರಿನ ನಮ್ಮ ಮನೆಯಲ್ಲಿ ನನಗೆ ಅಡುಗೆಮನೆ ಪ್ರವೇಶ ನಿಷಿದ್ಧ. ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಲ್ಲಿ ಮಾತ್ರ ಇದೇ ಕಾಯಿಲೆಗೆ ಸಂಬಳ ಕೊಡುತ್ತಾರೆ. ಅಲ್ಲಿ ಇದರ ಹೆಸರು ಡಾಟಾ ಕ್ಲೀನಿಂಗ್.

ನನ್ನ ಚಿಕ್ಕಪ್ಪನ ಮಗಳು ಗೌರಿ ಕೊಪ್ಪಳದ ಕಡೆಯ ಕುರುಚಲು ಬಯಲಿನಲ್ಲಿ ತೋಳಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಎರಡು ವರ್ಷ ಬಿಸಿಲಲ್ಲಿ ಅಲೆದು ಒಂದು ಹೆಣ್ಣು ತೋಳದ ಕುತ್ತಿಗೆಗೆ ಪಟ್ಟಿ ಕಟ್ಟಿದ್ದಳು. ತೋಳ ಎಲ್ಲಿದೆ ಎಂದು ಆ ಪಟ್ಟಿ ಗಂಟೆಗೊಮ್ಮೆ ಕಂಪ್ಯೂಟರಿಗೆ ಹೇಳುತ್ತಿತ್ತು. ಅದು ಮರಿ ಹಾಕುವ ಗವಿ ಹುಡುಕಿ, ದೂರದಿಂದ ಮರಿಗಳನ್ನು ನೋಡಿ ಬರೆದುಕೊಳ್ಳಬೇಕು, ಅದೊಂದೇ ಅವಳ ಆಸೆ. "ಅಣ್ಣಾ, ಸಾವಿರಾರು ಸಾಲು ಇದಾವೆ, ಸ್ವಲ್ಪ ಸರಿ ಮಾಡಿಕೊಡು" ಎಂದಳು. ಕೇಳಬೇಕೆ! ಒಂದೇ ಮಧ್ಯಾಹ್ನದಲ್ಲಿ ಗುಡಿಸಿ ಸಾರಿಸಿಬಿಟ್ಟೆ. ಹನ್ನೆರಡು ದಿನ ಒಂದೇ ಜಾಗ ಮತ್ತೆ ಮತ್ತೆ ಬಂದಿತ್ತು. ಪಟ್ಟಿ ಕೆಟ್ಟಿರಬೇಕು ಎಂದುಕೊಂಡು ಅಷ್ಟನ್ನೂ ಅಳಿಸಿದೆ. ಬೊಮ್ಮನಹಳ್ಳಿ ಸಿಗ್ನಲ್ಲಿನಲ್ಲಿ ದಿನಾ ಮುಕ್ಕಾಲು ಗಂಟೆ ಒಂದೇ ಕಡೆ ನಿಲ್ಲುವ ನನಗೆ, ತೋಳಕ್ಕೂ ನಿಲ್ಲಲು ಏನಾದರೂ ಕಾರಣ ಇರಬಹುದು ಎಂದು ಹೊಳೆಯಲಿಲ್ಲ. ಉಳಿದ ಸಾಲುಗಳಿಂದ ಗುಡ್ಡದಿಂದ ಗುಡ್ಡಕ್ಕೆ ಹೋಗುವ ಚೆಂದದ ಕೆಂಪು ಗೆರೆಯ ನಕ್ಷೆ ಮಾಡಿ ಕಳಿಸಿದೆ. ಗೌರಿ ಪಾಪ, ಅಣ್ಣನನ್ನು ನಂಬಿ ಆ ಗೆರೆ ಹಿಡಿದು ಮೂರು ವಾರ ನಡೆದಳು.

ಆ ನಕ್ಷೆಯನ್ನು ಆಫೀಸಿನ ಪ್ರಿಂಟರಿನಲ್ಲೇ ತೆಗೆದು ಮೇಜಿಗೆ ಅಂಟಿಸಿಕೊಂಡಿದ್ದೆ. ಗೇಟಿನ ಸೆಕ್ಯೂರಿಟಿ ಹನುಮಪ್ಪ ಕೊಪ್ಪಳದವನು, ಕುರಿ ಕಾದು ಬೆಳೆದವನು. ಕೊರಿಯರ್ ಕೊಡಲು ಬಂದವನನ್ನು ನಿಲ್ಲಿಸಿ, "ನೋಡು, ನಿಮ್ಮೂರ ತೋಳ" ಎಂದು ಜಂಬದಿಂದ ತೋರಿಸಿದೆ.

ಅವನು ಬಹಳ ಹೊತ್ತು ನೋಡಿದ. "ಇದು ಎಲ್ಲೂ ಕುಂತೇ ಇಲ್ಲೇನ್ರಿ ಸರ?"

"ಕೂತಿತ್ತು, ಹನ್ನೆರಡು ದಿನ. ನಾನೇ ತೆಗೆದುಹಾಕಿದೆ."

"ಹೆಣ್ಣು ತೋಳ ಒಂದ ಕಡೆ ಅಷ್ಟು ದಿನ ಕುಂತೈತಿ ಅಂದ್ರ ಮರಿ ಹಾಕೇತ್ರಿ. ಇದಕ್ಕ ಕಂಪ್ಯೂಟರ್ ಯಾಕ ಬೇಕ್ರಿ ಸರ?"

ಕೂಡಲೇ ಗೌರಿಗೆ ಫೋನ್ ಮಾಡಿ, ನಾನು ಅಳಿಸಿದ್ದ ಆ ಹನ್ನೆರಡು ದಿನದ ಜಾಗ ಯಾವುದೆಂದು ಅವಳ ಹಳೇ ಸಾಲುಗಳಲ್ಲೇ ನೋಡಲು ಹೇಳಿದೆ. ಅವಳು ಹೋಗಿ ನೋಡುವಷ್ಟರಲ್ಲಿ ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸಿತ್ತು. ಗವಿಯ ಬಾಯಲ್ಲಿ ಪುಟ್ಟ ಹೆಜ್ಜೆಗಳು, ಮರಿಗಳು ಕಚ್ಚಿ ಎಳೆದಾಡಿದ್ದ ಒಂದು ತುಂಡು ಚರ್ಮ ಇದ್ದವಂತೆ, ಅಷ್ಟೆ. ಮುಂದಿನ ತಿಂಗಳು ಪಟ್ಟಿಯೂ ನಿಂತುಹೋಯಿತು. "ಇರ್ಲಿ ಬಿಡಣ್ಣ" ಎಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಈಗಲೂ ಹಬ್ಬಕ್ಕೆ ಬಂದಾಗ ಅವಳು ತೋಳದ ಮಾತೆತ್ತುವುದಿಲ್ಲ, ನನ್ನನ್ನು ನೋಯಿಸಬಾರದೆಂದು.

ಮೊನ್ನೆ ಆಫೀಸಿನಲ್ಲಿ ನಮ್ಮೆಲ್ಲರ ಹಾಜರಿಯನ್ನು ಕ್ಲೀನ್ ಮಾಡುವ ಕೆಲಸ ನನಗೇ ಬಂತು. ನನ್ನ ಹೆಸರು ತೆಗೆದು ನೋಡಿದೆ. ಹನ್ನೊಂದು ವರ್ಷ, ಅದೇ ಗೇಟು, ಅದೇ ಮಹಡಿ, ಅದೇ ಕುರ್ಚಿ. ನನ್ನ ನಿಯಮದ ಪ್ರಕಾರ ನಾನು ಉಳಿಯುವುದು ಒಂದೇ ಸಾಲು. ಅಳಿಸಲು ಕೈ ಬರಲಿಲ್ಲ. ಆ ತೋಳ ಕೂತಿದ್ದಕ್ಕೆ ಮರಿಗಳಾದರೂ ಇದ್ದವು.